ನಿಮ್ಮೂರ ಲೈಬ್ರರಿ ಯಾವುದು?

ಕಲ್ಲಿಕೋಟೆಗೆ ಬಂದು ಎರಡು ವಾರ ಆಗಿತ್ತು. ಜುಲೈ ತಿಂಗಳು. ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ನಾನು ಬಾಡಿಗೆಗೆ ಇರುವ ಮನೆಯ ಗೇಟು ಸದ್ದಾಯಿತು. ಹೋಗಿ ನೋಡಿದರೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಕೈಯಲ್ಲಿ ಕೊಡೆ, ಹೆಗಲಲ್ಲಿ ದೊಡ್ಡ ಬಟ್ಟೆಚೀಲ, ಚೀಲದ ಮೇಲೆ ಪ್ಲಾಸ್ಟಿಕ್ ಹೊದಿಕೆ. ಹಪ್ಪಳವೋ ಉಪ್ಪಿನಕಾಯಿಯೋ ಮಾರಲಿಕ್ಕೆ ಬಂದಿದ್ದಾರೆ ಎಂದುಕೊಂಡೆ. ಅವರು ಜಗಲಿಗೆ ಬಂದು ಕೊಡೆ ಮಡಚಿಟ್ಟು ಚೀಲದ ಬಾಯಿ ಬಿಚ್ಚಿದರು. ಒಳಗಿದ್ದದ್ದು ಪುಸ್ತಕ.

ಮನೆಯ ಅಮ್ಮ ಒಳಗಿನಿಂದ ಎರಡು ಕಾದಂಬರಿ ತಂದು ಕೊಟ್ಟರು, ಬೇರೆ ಎರಡು ಆರಿಸಿಕೊಂಡರು. ಚೀಲದ ಹೆಂಗಸು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅಷ್ಟೇ ಕೆಲಸ. ಆಮೇಲೆ ಚಹಾ ಬಂತು, ಮಾತು ಬಂತು. ನಾನು ಹೊಸಬಳು ಅಂತ ಗೊತ್ತಾಗಿ, ಅರ್ಧ ಇಂಗ್ಲಿಷು ಅರ್ಧ ಕೈಸನ್ನೆಯಲ್ಲಿ ಕೇಳಿದರು. "ಮೋಳೆ, ನಿಮ್ಮೂರ ಲೈಬ್ರರಿ ಯಾವುದು?" ಮೋಳೆ ಅಂದರೆ ಮಗಳೇ.

"ಶಿರಸಿ" ಅಂದೆ.

"ಅದು ಊರು. ಲೈಬ್ರರಿ ಹೆಸರು?"

ಮನೆದೇವರು ಯಾವುದು ಅಂತ ನಾವು ಕೇಳುತ್ತೇವಲ್ಲ, ಅಷ್ಟು ಸಹಜವಾಗಿ ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲ ಅನ್ನಲಿಕ್ಕೆ ನಾಲಿಗೆ ಬರಲಿಲ್ಲ. ಮಳೆ ಜೋರಾಯಿತು, ಮಾತು ಬೇರೆ ಕಡೆಗೆ ಹೋಯಿತು. ಆದರೆ ಆ ಪ್ರಶ್ನೆ ಆ ದಿನ ರಾತ್ರಿ ಮಲಗಿದಾಗಲೂ ಚುಚ್ಚುತ್ತಿತ್ತು. ಈಗ ಒಂದೂವರೆ ವರ್ಷ ಆಯಿತು, ಇನ್ನೂ ಪೂರ್ತಿ ಹೋಗಿಲ್ಲ.

ನಮ್ಮದು ಶಿರಸಿ ತಾಲ್ಲೂಕಿನ ಹಳ್ಳಿ, ದೇವಿಮನೆ ಘಟ್ಟ ಹತ್ತಿದ ಮೇಲೆ ಮುಖ್ಯ ರಸ್ತೆ ಬಿಟ್ಟು ಒಳಗೆ ಹೋಗಬೇಕು. ಮನೆಯಲ್ಲಿ ಓದುವವರು ಇರಲಿಲ್ಲ ಅಂತ ಅಲ್ಲ. ಅಪ್ಪಯ್ಯ ಪೇಪರು ಬಿಡುವವರಲ್ಲ. ಆದರೆ ಆ ಪೇಪರು ಬರುತ್ತಿದ್ದದ್ದು ಹನ್ನೊಂದು ಗಂಟೆಯ ಬಸ್ಸಿಗೆ. ಕಂಡಕ್ಟರು ಕಟ್ಟನ್ನು ತಿರುವಿನ ಅಂಗಡಿಯ ಮುಂದೆ ಎಸೆಯುತ್ತಿದ್ದರು. ಅಲ್ಲಿಂದ ಯಾರಾದರೂ ತಂದುಕೊಡಬೇಕು. ಮಳೆಗಾಲದಲ್ಲಿ ಎರಡು ದಿನದ ಪೇಪರು ಒಟ್ಟಿಗೆ, ಅದೂ ಒದ್ದೆಯಾಗಿ. ಆಯಿ ಅದನ್ನು ಬಚ್ಚಲ ಒಲೆಯ ಹತ್ತಿರ ಹಿಡಿದು ಒಣಗಿಸಿ ಕೊಡುತ್ತಿದ್ದಳು. ನನಗೆ ಆ ಹೊಗೆ ವಾಸನೆಯ ಕಾಗದ ಅಂದರೆ ಈಗಲೂ ಓದು.

ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಸಕ್ಕರೆ ಕಟ್ಟಿದ ಪೊಟ್ಟಣ ಬಿಡಿಸಿ ಓದಿದ್ದೇನೆ. ಕಥೆಯ ಕೊನೆ ಇನ್ನೊಂದು ಪೊಟ್ಟಣದಲ್ಲಿ ಇರಬಹುದು ಅಂತ ಬೆಲ್ಲದ ಪೊಟ್ಟಣವನ್ನೂ ಹುಡುಕಿದ್ದೇನೆ. ದೀಪಾವಳಿ ವಿಶೇಷಾಂಕ ಇಡೀ ಕೇರಿಗೆ ಒಂದು. ಅದು ಮನೆಯಿಂದ ಮನೆಗೆ ಹೋಗಿ ನಮ್ಮಲ್ಲಿಗೆ ಬರುವಾಗ ಶಿವರಾತ್ರಿ ಹತ್ತಿರ ಬಂದಿರುತ್ತಿತ್ತು.

ಲೈಬ್ರರಿ ಇರಲಿಲ್ಲವಾ ಅಂದರೆ ಇತ್ತು. ಪಂಚಾಯ್ತಿ ಕಟ್ಟಡದ ಪಕ್ಕದ ಒಂದು ಕೋಣೆ. ಶಾಲೆ ಬಿಟ್ಟು ಎರಡು ಕಿಲೋಮೀಟರು ನಡೆದು ಹೋದರೆ ಬಾಗಿಲಿಗೆ ಬೀಗ. ಬೆಳಿಗ್ಗೆ ಸ್ವಲ್ಪ ಹೊತ್ತು ತೆರೆದಿರುತ್ತದೆ ಅಂತ ಪಕ್ಕದವರು ಹೇಳುತ್ತಿದ್ದರು. ಬೆಳಿಗ್ಗೆ ನಮಗೆ ಶಾಲೆ. ಒಂದು ಬೇಸಿಗೆ ರಜೆಯಲ್ಲಿ ಅಂತೂ ತೆರೆದ ಬಾಗಿಲು ಸಿಕ್ಕಿತು. ಒಳಗೆ ಮೂರು ಜನ ಗಂಡಸರು ಪೇಪರು ಓದುತ್ತಿದ್ದರು. ಪುಸ್ತಕ ಎಲ್ಲ ಗಾಜಿನ ಕಪಾಟಿನಲ್ಲಿ. ಕಪಾಟಿಗೆ ಇನ್ನೊಂದು ಬೀಗ. ನಾನು ಬಾಗಿಲಲ್ಲಿ ನಿಂತೆ. "ಎಂತ ಬೇಕು ತಂಗಿ?" ಅಂತ ಒಬ್ಬರು ಕೇಳಿದರು. ಕೇಳಿದ ದನಿ ಪ್ರೀತಿಯದ್ದೇ. ಆದರೆ ಎಂತ ಬೇಕು ಅಂತ ಕೇಳುವ ಜಾಗದಲ್ಲಿ ಏನಾದರೂ ಬೇಕಾಗಿರಲೇಬೇಕಲ್ವಾ? ಸುಮ್ನೆ ಕೂರಬೇಕು, ನೋಡಬೇಕು ಅಂತ ಹನ್ನೊಂದು ವರ್ಷದ ಹುಡುಗಿ ಹೇಗೆ ಹೇಳುತ್ತಾಳೆ? "ಎಂತ ಇಲ್ಲ" ಅಂದು ವಾಪಸು ಬಂದೆ.

ನನ್ನ ಸಿಟ್ಟು ಇರುವುದು ಈ ಒಂದು ಜಾಗದ ಬಗ್ಗೆ. ಪುಸ್ತಕದ ಬಗ್ಗೆಯೂ ಅಲ್ಲ, ಕೂರುವ ಜಾಗದ ಬಗ್ಗೆ.

ಇಲ್ಲಿ ನಾನು ಇರುವುದು ಪೇಟೆಯಿಂದ ಹೊರಗೆ. ಮನೆಯಿಂದ ಐದು ನಿಮಿಷ ನಡೆದರೆ ಒಂದು ವಾಚನಶಾಲೆ. ಎರಡು ಅಂತಸ್ತಿನ ಹಳೇ ಕಟ್ಟಡ. ಸಂಜೆ ಐದು ಗಂಟೆಗೆ ದೀಪ ಹಾಕಿದರೆ ಎಂಟರ ತನಕ ಇರುತ್ತದೆ. ಕೆಳಗೆ ಇಳಿಜಾರು ಹಲಗೆಯ ಮೇಲೆ ಪೇಪರುಗಳು. ಒಂದು ಪೇಪರನ್ನು ಬಿಡಿ ಬಿಡಿ ಹಾಳೆ ಮಾಡಿ ನಾಲ್ಕು ಜನ ಒಟ್ಟಿಗೆ ಓದುತ್ತಾರೆ. ಮೇಲೆ ಪುಸ್ತಕದ ಕಪಾಟು, ಬೀಗ ಇಲ್ಲ. ಪಕ್ಕದ ಕೋಣೆಯಲ್ಲಿ ಕೇರಂ ಬೋರ್ಡು. ಇನ್ನೊಂದು ಮೂಲೆಯಲ್ಲಿ ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಒಬ್ಬರು ಪ್ರಶ್ನೆ ಕೇಳುತ್ತಾರೆ, ಉಳಿದವರು ಪಿಸುದನಿಯಲ್ಲಿ ಉತ್ತರ ಹೇಳುತ್ತಾರೆ. ಮಕ್ಕಳದ್ದು ಬಾಲವೇದಿ, ಹೆಂಗಸರದ್ದು ವನಿತಾವೇದಿ ಅಂತ ಬೇರೆ ಬೇರೆ ಕೂಟ ಇದೆ. ಸರ್ಕಾರದ ಅನುದಾನ ಬರುತ್ತದೆ. ಆದರೆ ನಡೆಸುವುದು ಊರವರ ಸಮಿತಿ. ಸಮಿತಿಯ ಚುನಾವಣೆಗೆ ನಮ್ಮಲ್ಲಿ ಸೊಸೈಟಿ ಚುನಾವಣೆಗೆ ಇರುವಷ್ಟು ಬಿಸಿ ಇರುತ್ತದೆ.

ಮೊದಲ ದಿನ ಹೋದಾಗ ಬಾಗಿಲಲ್ಲಿ ನಿಂತೆ, ಹಳೇ ಅಭ್ಯಾಸದ ಹಾಗೆ. ಯಾರೂ ಏನೂ ಕೇಳಲಿಲ್ಲ. ಒಬ್ಬ ಅಜ್ಜ ತಲೆ ಎತ್ತಿ ನೋಡಿ ಬೆಂಚಿನಲ್ಲಿ ಸ್ವಲ್ಪ ಆಚೆ ಸರಿದರು. ಅಷ್ಟೇ. ಅವರು ಸರಿದ ಆ ಒಂದು ಗೇಣು ಜಾಗ ನನಗೆ ಎಷ್ಟು ದೊಡ್ಡದಾಗಿ ಕಂಡಿತು ಅಂತ ಹೇಳಲಿಕ್ಕೆ ಬರುವುದಿಲ್ಲ. ಕೂತೆ. ಅಕ್ಷರ ಗೊತ್ತಿರಲಿಲ್ಲ. ಪೇಪರಿನ ಚಿತ್ರ ನೋಡಿಕೊಂಡು ಒಂದು ಗಂಟೆ ಕೂತಿದ್ದೆ.

ಹಾಗೆ ಕೂತು ಕೂತೇ ಮಲಯಾಳಂ ಓದಲು ಕಲಿತೆ. ಒಂದೇ ಸುದ್ದಿ ಇಂಗ್ಲಿಷಿನಲ್ಲೂ ಮಲಯಾಳಂನಲ್ಲೂ ಇರುತ್ತದಲ್ಲ, ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡು ಹೆಸರುಗಳನ್ನು ಹುಡುಕುವುದು. ಬೆಂಚಿನ ಅಜ್ಜ ಬೆರಳಿಟ್ಟು ತೋರಿಸುತ್ತಿದ್ದರು. ಒಂದು ಅಕ್ಷರ ಮಾತ್ರ ನನ್ನ ಬಾಯಿಗೆ ಬರಲೇ ಇಲ್ಲ. ಪಿಯುಸಿಯಲ್ಲಿ ಹಳಗನ್ನಡ ಪಾಠ ಮಾಡುವಾಗ ನಮ್ಮ ಮೇಷ್ಟ್ರು ೞ ಅಂತ ಬರೆದು, ಇದು ಕನ್ನಡದಲ್ಲಿ ಸತ್ತು ಹೋದ ಅಕ್ಷರ ಅಂದಿದ್ದರು. ಅದು ಇಲ್ಲಿ ಜೀವಂತ ಇದೆ. ಈ ಊರಿನ ಹೆಸರಿನಲ್ಲೇ ಇದೆ. ನಾವು ಕಲ್ಲಿಕೋಟೆ ಅನ್ನುವ ಊರನ್ನು ಅವರು ಕೋೞಿಕ್ಕೋಡ್ ಅನ್ನುತ್ತಾರೆ. ಸತ್ತಿದೆ ಅಂದುಕೊಂಡ ನೆಂಟರನ್ನು ಪರವೂರಲ್ಲಿ ಕಂಡ ಹಾಗೆ ಆಯಿತು ನನಗೆ.

ಇಲ್ಲಿಯವರಿಗೆ ಇದು ಒಂದು ದಿನದಲ್ಲಿ ಬಂದದ್ದಲ್ಲ. ಪಿ. ಎನ್. ಪಣಿಕ್ಕರ್ ಅಂತ ಒಬ್ಬರಿದ್ದರು, 1909ರಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ, 1926ರಲ್ಲಿ ತಮ್ಮೂರಲ್ಲಿ ಒಂದು ಗ್ರಂಥಾಲಯ ಶುರು ಮಾಡಿದರು. 1945ರಲ್ಲಿ ತಿರುವಾಂಕೂರಿನ 47 ಊರ ಗ್ರಂಥಾಲಯಗಳನ್ನು ಸೇರಿಸಿ ಸಂಘ ಕಟ್ಟಿದರು. ಆಮೇಲೆ ಜೀವಮಾನ ಇಡೀ ಊರೂರು ತಿರುಗಿದರು. ಅವರು ತೀರಿಕೊಂಡ ಜೂನ್ 19ನ್ನು ಇಲ್ಲಿ ಓದಿನ ದಿನ ಅಂತ ಆಚರಿಸುತ್ತಾರೆ. ಕಳೆದ ಜೂನ್‌ನಲ್ಲಿ ನಮ್ಮ ವಾಚನಶಾಲೆಗೆ ಪಕ್ಕದ ಶಾಲೆಯ ಮಕ್ಕಳು ಕೊಡೆ ಹಿಡಿದು ಸಾಲಾಗಿ ಬಂದರು. ಒಬ್ಬೊಬ್ಬರೂ ತಾವು ಓದಿದ ಒಂದು ಪುಸ್ತಕದ ಬಗ್ಗೆ ಎರಡು ಮಾತು ಹೇಳಬೇಕು. ಒಬ್ಬ ಪೋರ ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ. ಕಥೆಯಲ್ಲಿ ನಾಯಿ ಸತ್ತಿತ್ತಂತೆ. ಯಾರೂ ನಗಲಿಲ್ಲ. 2023ರಲ್ಲಿ ಯುನೆಸ್ಕೊ ಈ ಊರನ್ನು ಸಾಹಿತ್ಯ ನಗರ ಅಂತ ಗುರುತಿಸಿತು, ಇಂಡಿಯಾದಲ್ಲೇ ಮೊದಲನೆಯದು. ಪೇಟೆಯಲ್ಲಿ ಅದಕ್ಕೆ ದೊಡ್ಡ ದೊಡ್ಡ ಬ್ಯಾನರು ನೋಡಿದ್ದೇನೆ. ನನಗೆ ಮಾತ್ರ ಆ ಬಿರುದು ಆ ಪೋರನ ಕಣ್ಣೀರಿಗೆ ಕೊಟ್ಟದ್ದು ಅನಿಸುತ್ತದೆ.

ಇದನ್ನೆಲ್ಲ ನೋಡುವಾಗ ನಮ್ಮ ಊರಿನ ಮೇಲೆ ಸಿಟ್ಟು ಬರುತ್ತದೆ, ಏನು ಮಾಡಲಿ. ನಮ್ಮವರಿಗೆ ಒಟ್ಟಾಗಿ ಕೆಲಸ ಮಾಡುವುದು ಗೊತ್ತಿಲ್ಲ ಅಂತ ಆಗಿದ್ದರೆ ಬೇರೆ ಮಾತು. ಗೊತ್ತಿದೆ. ಶಿರಸಿಯಲ್ಲಿ ಅಡಿಕೆ ಬೆಳೆಗಾರರು ತಮ್ಮದೇ ಸಹಕಾರ ಸಂಘ ಕಟ್ಟಿದ್ದು 1923ರಲ್ಲಿ. ಪಣಿಕ್ಕರ್ ಅವರ ಮೊದಲ ಗ್ರಂಥಾಲಯಕ್ಕಿಂತ ಮೂರು ವರ್ಷ ಮುಂಚೆ! ಸಾಲ್ಕಣಿಯ ಹತ್ತಿರ ಕಾಡು ಕಡಿಯಲು ಬಂದಾಗ 1983ರ ಸೆಪ್ಟೆಂಬರಿನಲ್ಲಿ ಊರಿಗೆ ಊರೇ ಹೋಗಿ ಮರ ಅಪ್ಪಿಕೊಂಡು ನಿಂತಿತ್ತು. ಅಪ್ಪಿಕೊ ಅಂದರೆ ಇವತ್ತಿಗೂ ಎಲ್ಲರಿಗೂ ಗೊತ್ತು. ಹಾಲಿನ ಡೈರಿ ಊರೂರಿಗೆ ಇದೆ, ಲೆಕ್ಕ ಪೈಸೆ ತಪ್ಪುವುದಿಲ್ಲ. ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಎಷ್ಟು ಅಚ್ಚುಕಟ್ಟಾಗಿ ಆಗುತ್ತದೆ. ಇಷ್ಟೆಲ್ಲ ಮಾಡಿದ ಜನಕ್ಕೆ ಒಂದು ಕೋಣೆ, ಒಂದು ಬೆಂಚು, ಸಂಜೆ ಎಂಟರ ತನಕ ಒಂದು ದೀಪ ಯಾಕೆ ಬೇಕು ಅನಿಸಲಿಲ್ಲ?

ನನಗೆ ಅನಿಸುವುದು, ಬೇಕು ಅನಿಸಬೇಕಾದವರಿಗೆ ಕೂರಲು ಜಾಗ ಮೊದಲೇ ಇತ್ತು. ನಮ್ಮ ಹೊರಜಗಲಿ ಇತ್ತು. ಕವಳದ ಹರಿವಾಣ ನಡುವೆ ಇಟ್ಟುಕೊಂಡು ಗಂಡಸರು ಅಲ್ಲಿ ಅಡಿಕೆ ರೇಟಿನಿಂದ ಅಮೆರಿಕದ ತನಕ ಮಾತಾಡುತ್ತಿದ್ದರು. ತಿರುವಿನ ಅಂಗಡಿಯ ಕಟ್ಟೆ ಇತ್ತು. ಸೊಸೈಟಿ ಮುಂದಿನ ಜಾಗ ಇತ್ತು. ಬೇಕಾಗಿದ್ದದ್ದು ಆಯಿಗೆ, ಅತ್ತಿಗೆಗೆ, ನನಗೆ. ನಮ್ಮನ್ನು ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಶಿರಸಿಗೆ ಹೋದಾಗ ಆಯಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬಸ್ಸು ಬರುವ ತನಕ ಪುಸ್ತಕದ ಅಂಗಡಿಯ ಕಡೆ ನೋಡುತ್ತಿದ್ದದ್ದು ನನಗೆ ನೆನಪಿದೆ. ಎದ್ದು ಹೋಗಿ ಒಂದನ್ನು ತಿರುವಿ ನೋಡುತ್ತಿರಲಿಲ್ಲ. ತಿರುವಿದರೆ ತೆಗೆದುಕೊಳ್ಳಬೇಕಲ್ಲ ಅಂತ.

ಇಲ್ಲಿಯ ಮನೆಯ ಅಮ್ಮನಿಗೆ ಅರವತ್ತೆಂಟು. ವಾರಕ್ಕೆ ಎರಡು ಕಾದಂಬರಿ ಓದುತ್ತಾರೆ. ಮಧ್ಯಾಹ್ನ ಊಟ ಆದ ಮೇಲೆ ಒಂದೂವರೆ ಗಂಟೆ ಅವರದ್ದು. ಆಗ ಫೋನು ಬಂದರೂ ಎತ್ತುವುದಿಲ್ಲ. ಒಂದು ದಿನ ಕಥೆ ತುಂಬ ಹಿಡಿಸಿ ಸಂಜೆ ಚಹಾ ತಡವಾಯಿತು. ಅವರ ಗಂಡ ಸುಮ್ಮನೆ ಎದ್ದು ಹೋಗಿ ತಾವೇ ಮಾಡಿ ತಂದರು, ನನಗೂ ಒಂದು ಲೋಟ ಕೊಟ್ಟರು. ಮಾತಿಲ್ಲ ಕತೆ ಇಲ್ಲ. ನಮ್ಮ ಮನೆಯಲ್ಲಿ ಆಯಿ ಓದುತ್ತಾ ಕೂತದ್ದನ್ನು ನಾನು ಕಂಡದ್ದು ಜ್ವರ ಬಂದು ಮಲಗಿದಾಗ ಮಾತ್ರ.

ಎರಡೂ ಊರು ತೀರಾ ಬೇರೆ ಆಗಿದ್ದರೆ ಹೋಲಿಸುತ್ತಿರಲಿಲ್ಲ. ಒಂದೇ ಕರಾವಳಿ, ಒಂದೇ ಮಳೆ. ಕುಮಟಾದಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಅದೇ ರೈಲು ಕಲ್ಲಿಕೋಟೆಯಲ್ಲಿ ಇಳಿಸುತ್ತದೆ. ತೆಂಗು, ಅಡಿಕೆ, ಹಲಸು, ಬೆಳಿಗ್ಗೆಯ ಗಂಜಿ. ಬಂದ ಹೊಸತರಲ್ಲಿ ಒಂದು ದಿನ ಅಮ್ಮನ ಅಡುಗೆಮನೆಯ ಭರಣಿ ತೆಗೆದರೆ ಒಳಗೆ ಕಪ್ಪಗೆ ಒಣಗಿದ ಉಪ್ಪಾಗೆ ಸಿಪ್ಪೆ! ಅವರು ಕುಡಂಪುಳಿ ಅಂದರು, ಮೀನಿನ ಸಾರಿಗೆ ಹಾಕುತ್ತಾರೆ. ನಮ್ಮ ಅಜ್ಜಿ ಮಳೆಗಾಲದಲ್ಲಿ ಬೆಟ್ಟದಿಂದ ತರಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿ, ಬೀಜದಿಂದ ತುಪ್ಪ ತೆಗೆಯುತ್ತಿದ್ದಳು. ಸಿಪ್ಪೆಯನ್ನು ವ್ಯಾಪಾರಿ ಒಯ್ಯುತ್ತಿದ್ದ. ಎಲ್ಲಿಗೆ ಅಂತ ಕೇಳಿದರೆ ಕೇರಳಕ್ಕೆ ಅನ್ನುತ್ತಿದ್ದ. ಆ ಭರಣಿ ಮೂಸಿಕೊಂಡು ನಾನು ಅಡುಗೆಮನೆಯಲ್ಲಿ ತುಂಬ ಹೊತ್ತು ನಿಂತಿದ್ದೆ. ಹುಳಿ ಇಲ್ಲಿಯ ತನಕ ಬಂದಿದೆ, ಬೆಂಚು ಅಲ್ಲಿಯ ತನಕ ಯಾಕೆ ಹೋಗಲಿಲ್ಲ ಅಂತ ಆಗ ಅನಿಸಿದ್ದು ನಿಜ.

ಈ ಮಾತನ್ನು ಫೋನಿನಲ್ಲಿ ಅಪ್ಪಯ್ಯನ ಹತ್ತಿರ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಮನೆಗೂ ಮನೆಗೂ ಎಷ್ಟು ದೂರ ಇದ್ದು?" ಅಂತ ಕೇಳಿದರು. ನನಗೆ ಆ ಪ್ರಶ್ನೆ ಇಷ್ಟ ಆಗಲಿಲ್ಲ. ಯಾಕೆಂದರೆ ಅದು ಸರಿಯಾದ ಪ್ರಶ್ನೆ. ಇಲ್ಲಿ ಒಂದು ಮನೆಯ ಗೋಡೆ ಮುಗಿದಲ್ಲಿ ಇನ್ನೊಂದರ ಗೋಡೆ ಶುರು. ರಸ್ತೆ ಉದ್ದಕ್ಕೂ ದೀಪ. 2011ರ ಜನಗಣತಿಯಲ್ಲಿ ಕಲ್ಲಿಕೋಟೆ ಜಿಲ್ಲೆಯಲ್ಲಿ ಸುಮಾರು 30.86 ಲಕ್ಷ ಜನ, ವಿಸ್ತೀರ್ಣ 2,344 ಚದರ ಕಿಲೋಮೀಟರು. ನಮ್ಮ ಉತ್ತರ ಕನ್ನಡ 10,291 ಚದರ ಕಿಲೋಮೀಟರು, ಜನ ಬರೀ 14.37 ಲಕ್ಷ. ಬಹುಪಾಲು ಕಾಡು. ನಮ್ಮ ಮನೆಯಿಂದ ಪಕ್ಕದ ಮನೆಗೆ ಹೋಗಬೇಕಾದರೆ ತೋಟ ಇಳಿದು, ಸಂಕ ದಾಟಿ, ಗುಡ್ಡ ಹತ್ತಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಸಂಜೆ ಆರಕ್ಕೇ ಕತ್ತಲು, ರಕ್ತ ಹೀರುವ ಉಂಬಳ ಬೇರೆ. ಅಂಥಲ್ಲಿ ರಾತ್ರಿ ಎಂಟರ ತನಕ ದೀಪ ಹಾಕಿಟ್ಟರೆ ಬರುವವರು ಯಾರು? ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಯೋಚಿಸಿರಲಿಲ್ಲ. ಆದರೂ ವೇಷ ಇಲ್ಲದೆ ಕೂತು, ಪದ ಹಾಡಿ ಅರ್ಥ ಹೇಳುವ ತಾಳಮದ್ದಳೆಗೆ ಅದೇ ಮಳೆಯಲ್ಲಿ, ಅದೇ ಸಂಕ ದಾಟಿ, ಬ್ಯಾಟರಿ ಹಿಡಿದು ಅರವತ್ತು ಎಪ್ಪತ್ತು ಜನ ಬರುತ್ತಿದ್ದರಲ್ಲ ಅಂತ ನಾನು ಅಪ್ಪಯ್ಯನಿಗೆ ತಿರುಗಿ ಹೇಳಿದೆ.

ಹೇಳಿದ ಮೇಲೆ ನನಗೇ ಅಲ್ಲಿ ಏನೋ ತಡೆಯಿತು.

ಆ ಚೀಲದ ಚೇಚಿ, ಅಂದರೆ ಪುಸ್ತಕ ತಂದ ಆ ಅಕ್ಕ, ನನ್ನನ್ನು ನಿಮ್ಮೂರ ಯಕ್ಷಗಾನ ಮೇಳ ಯಾವುದು ಅಂತ ಕೇಳಿದ್ದರೆ ನಾನು ತಡವರಿಸುತ್ತಿರಲಿಲ್ಲ. ಕೆರೆಮನೆಯವರ ಇಡಗುಂಜಿ ಮೇಳ 1934ರಲ್ಲಿ ಶುರುವಾದದ್ದು ಅನ್ನುವುದರಿಂದ ಹಿಡಿದು, ನಮ್ಮ ಕೇರಿಯವರೇ ಕಟ್ಟಿಕೊಂಡ ಸಣ್ಣ ಕೂಟದಲ್ಲಿ ಯಾರು ಯಾವ ಅರ್ಥ ಹೇಳುತ್ತಾರೆ ಅನ್ನುವ ತನಕ ಹೇಳುತ್ತಿದ್ದೆ. ನಮ್ಮ ಮನೆಯ ಹೊರಜಗಲಿಯಲ್ಲಿ ಪ್ರತಿ ಆಷಾಢದಲ್ಲಿ ಒಂದು ತಾಳಮದ್ದಳೆ ಆಗುತ್ತಿತ್ತು. ಹೆಂಗಸರು ಒಳಗೆ, ಬಾಗಿಲ ಹಿಂದೆ. ಅಜ್ಜಿಯ ಜಾಗ ಹೊಸ್ತಿಲ ಒಳಗಿನ ಮಣೆ. ಅಜ್ಜಿ ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ವಾಲಿ ವಧೆ ಆಗುವಾಗ ರಾಮನ ಅರ್ಥ ಹೇಳುವವರು ವಾಲಿಯ ಒಂದು ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಂಡರು. ಬೆಳಿಗ್ಗೆ ಅವರೇ ಆಸ್ರಿ ಕುಡಿಯಲು ಒಳಗೆ ಬಂದಾಗ ಅಜ್ಜಿ ಲೋಟ ಕೊಡುತ್ತಾ ಕೇಳಿದಳು. "ವಾಲಿ ಕೇಳಿದ್ದಕ್ಕೆ ನೀ ಉತ್ತರವೇ ಕೊಟ್ಟಿದ್ದಿಲ್ಲೆ." ಆ ಅರ್ಥಧಾರಿ ಲೋಟ ಕೆಳಗಿಟ್ಟು ಅಲ್ಲೇ ಅಡುಗೆಮನೆಯ ಬಾಗಿಲಲ್ಲಿ ಕೂತು ಉತ್ತರ ಕೊಟ್ಟರು. ಅಜ್ಜಿ ಒಪ್ಪಲಿಲ್ಲ. ಅರ್ಧ ಗಂಟೆ ವಾದ ಆಯಿತು. ಅವರ ಮೊದಲ ಬಸ್ಸು ತಪ್ಪಿತು.

ನಾನು ಕಲ್ಲಿಕೋಟೆಯ ವಾಚನಶಾಲೆಯಲ್ಲಿ ಎಷ್ಟೋ ಸಂಜೆ ಕೂತಿದ್ದೇನೆ. ಅಂಥ ವಾದವನ್ನು ಅಲ್ಲಿ ಇನ್ನೂ ಕೇಳಿಲ್ಲ.

ಇನ್ನೊಂದು ಇದೆ. ಇದನ್ನು ಬರೆಯಲು ಮನಸ್ಸು ಹಿಂದೆ ಮುಂದೆ ಆಗುತ್ತಿದೆ, ಯಾಕೆಂದರೆ ಇಷ್ಟು ಹೊತ್ತು ಹೇಳಿದ್ದಕ್ಕೆ ಇದು ಅಡ್ಡ ಬರುತ್ತದೆ. ಕೊನೆ ಕೊಯ್ಲಿನ ಹೊತ್ತಿಗೆ ರಾತ್ರಿ ಊಟ ಆದ ಮೇಲೆ ಅಡಿಕೆ ಸುಲಿಯುವುದು ಇರುತ್ತಿತ್ತು. ಅಂಗಳದಲ್ಲಿ ಹತ್ತು ಹನ್ನೆರಡು ಮೆಟ್ಟುಗತ್ತಿ, ಹೆಚ್ಚಿನವರು ಹೆಂಗಸರು. ನನ್ನ ಕೈ ಸಣ್ಣದು, ಕತ್ತಿ ಮುಟ್ಟಲು ಬಿಡುತ್ತಿರಲಿಲ್ಲ. ಅಜ್ಜಿ ಹೇಳುತ್ತಿದ್ದಳು. "ತಂಗಿ, ನೀ ಓದಿ ಹೇಳು." ನಾನು ಬಲ್ಬಿನ ಕೆಳಗೆ ಕೂತು ವಾರಪತ್ರಿಕೆಯ ಧಾರಾವಾಹಿ ಗಟ್ಟಿಯಾಗಿ ಓದುತ್ತಿದ್ದೆ. ಸುಲಿಯುವ ಸದ್ದು ಕಟ ಕಟ ಅಂತ ಒಂದೇ ಲಯದಲ್ಲಿ ನಡೆಯುತ್ತಿತ್ತು. ಕಥೆಯಲ್ಲಿ ಗಟ್ಟಿ ಜಾಗ ಬಂದಾಗ ಒಂದೊಂದೇ ಕತ್ತಿ ನಿಲ್ಲುತ್ತಿತ್ತು. ಯಾರೋ "ಅಯ್ಯೋ ಪಾಪ" ಅನ್ನುತ್ತಿದ್ದರು. ಇನ್ಯಾರೋ "ಅವಳು ಹಾಗೆ ಮಾಡಬಾರದಿತ್ತು" ಅನ್ನುತ್ತಿದ್ದರು. ಆಮೇಲೆ ಅವರವರ ಮನೆಯ ಕಥೆ ಹೊರಗೆ ಬರುತ್ತಿತ್ತು. ಒಬ್ಬರು ಅಳುತ್ತಿದ್ದರು, ಇನ್ನೊಬ್ಬರು ಅವರ ಪಾಲಿನ ಅಡಿಕೆಯನ್ನೂ ಸುಲಿದುಕೊಡುತ್ತಿದ್ದರು. ಸುಲಿಯಲು ಬರುತ್ತಿದ್ದವರಲ್ಲಿ ಅರ್ಧ ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ಆದರೆ ಆ ಧಾರಾವಾಹಿಯನ್ನು ಅವರಷ್ಟು ಚೆನ್ನಾಗಿ ಓದಿದವರು ಯಾರೂ ಇರಲಿಕ್ಕಿಲ್ಲ. ನನಗೆ ಓದುವ ಹುಚ್ಚು ಹಿಡಿದದ್ದು ಬೀಗ ಹಾಕಿದ ಕಪಾಟಿನಿಂದ ಅಲ್ಲ. ಆ ಅಂಗಳದಿಂದ. ಇದನ್ನು ಒಪ್ಪಿಕೊಳ್ಳಲೇಬೇಕು.

ಈಗ ಅಡಿಕೆ ಸುಲಿಯಲು ಯಂತ್ರ ಬಂದಿದೆ. ಅಂಗಳದಲ್ಲಿ ಬಲ್ಬು ಉರಿಯುತ್ತದೆ, ಜನ ಇಲ್ಲ. ಹಾಗಾಗಿ ನನ್ನ ಮಾತು ಪೂರ್ತಿ ಸುಳ್ಳಾಗುವುದಿಲ್ಲ. ಆ ಅಂಗಳ ಹೋದ ಮೇಲೆ ಆ ಜಾಗಕ್ಕೆ ಇನ್ನೊಂದು ಬರಲಿಲ್ಲ.

ಇಲ್ಲಿಯದ್ದೂ ಹೇಳಬೇಕು. ನಮ್ಮ ವಾಚನಶಾಲೆಯ ಬೆಂಚಿನಲ್ಲಿ ಕೂರುವವರ ತಲೆ ಹೆಚ್ಚಾಗಿ ಬಿಳಿ. ಹುಡುಗರು ಕೇರಂ ಆಡಿ ಹೋಗುತ್ತಾರೆ. ಪರೀಕ್ಷೆಗೆ ಓದುವವರು ಕೆಲಸ ಸಿಕ್ಕ ದಿನದಿಂದ ಬರುವುದಿಲ್ಲ. ಬೆಂಚಿನಲ್ಲಿ ಸರಿದು ಜಾಗ ಕೊಟ್ಟ ಆ ಅಜ್ಜನ ಮಕ್ಕಳಿಬ್ಬರೂ ಗಲ್ಫಿನಲ್ಲಿ. ಪೇಪರು ಓದಿ ಮುಗಿದರೂ ಅವರು ಎದ್ದು ಹೋಗುವುದಿಲ್ಲ. ಮೊದಮೊದಲು ಓದಿನ ಪ್ರೀತಿ ಅಂದುಕೊಂಡಿದ್ದೆ. ಮನೆಯಲ್ಲಿ ಯಾರೂ ಇಲ್ಲ ಅಂತ ಆಮೇಲೆ ಗೊತ್ತಾಯಿತು.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಹಬ್ಬ ಮುಗಿದ ಮರುದಿನ ಬೇಕಂತಲೇ ಆ ಪಂಚಾಯ್ತಿ ಲೈಬ್ರರಿಗೆ ನಡೆದು ಹೋದೆ. ಬೀಗ ನೋಡಿ ಬಂದು, ಈ ಲೇಖನವನ್ನು ಇನ್ನೂ ಖಾರವಾಗಿ ಬರೆಯಬೇಕು ಅಂತ ಮನಸ್ಸಲ್ಲಿ ಇತ್ತು, ಸುಳ್ಳು ಹೇಳುವುದಿಲ್ಲ. ಬಾಗಿಲು ತೆರೆದಿತ್ತು. ಹಳ್ಳಿ ಲೈಬ್ರರಿಗಳನ್ನು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟ ಮೇಲೆ ಸುಮಾರು ಬದಲಾಗಿದೆ. ಬೋರ್ಡಿನಲ್ಲಿ ಅರಿವು ಕೇಂದ್ರ ಅಂತ ಇದೆ. ಗೋಡೆಗೆ ಬಣ್ಣ, ಮಕ್ಕಳ ಚಿತ್ರ, ಎರಡು ಕಂಪ್ಯೂಟರು. ಕಪಾಟಿಗೆ ಬೀಗ ಇರಲಿಲ್ಲ. ಚಾಪೆಯ ಮೇಲೆ ಆರು ಮಕ್ಕಳು ಕೂತಿದ್ದರು, ನಾಲ್ವರು ಹುಡುಗಿಯರು. ಒಬ್ಬಳು ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, "ಬನ್ನಿ ಅಕ್ಕ, ಕೂತ್ಕಳಿ" ಅಂದಳು.

ಕೂತೆ. ಚಾಪೆ ತಣ್ಣಗಿತ್ತು. ಆ ಹುಡುಗಿಗೆ ಹನ್ನೊಂದೋ ಹನ್ನೆರಡೋ ಇರಬೇಕು.

ಮೇಲ್ವಿಚಾರಕಿ ನನಗಿಂತ ಆರೇಳು ವರ್ಷ ದೊಡ್ಡವರು. ನಾನು ಕಲ್ಲಿಕೋಟೆಯ ಕಥೆ ಎಲ್ಲ ಹೇಳಿದೆ. ಬೆಂಚು, ಪೇಪರು, ಮನೆ ಮನೆಗೆ ಪುಸ್ತಕ ಒಯ್ಯುವ ಚೇಚಿ. ಅವರು ಆಸೆಯಿಂದ ಕೇಳಿಸಿಕೊಂಡರು. "ಇಲ್ಲೂ ಎಂಟರ ತನಕ ತೆರೆದಿಡಬಹುದಲ್ವಾ? ಹೆಂಗಸರು ಕೆಲಸ ಮುಗಿಸಿ ಬರಬಹುದು" ಅಂದೆ.

"ನನ್ನ ಬಸ್ಸು ಐದೂ ಮುಕ್ಕಾಲಿಗೆ. ಅದೇ ಕೊನೇದು" ಅಂದರು.

ನನ್ನ ಹತ್ತಿರ ಮಾತಿರಲಿಲ್ಲ. ಐದೂವರೆಗೆ ಮಕ್ಕಳು ಚಾಪೆ ಸುತ್ತಿಟ್ಟರು. ಅವರು ಕಿಟಕಿ ಹಾಕಿ, ಬೀಗ ಹಾಕಿ, ಎರಡು ಸಲ ಎಳೆದು ನೋಡಿದರು. ತಿರುವಿನ ತನಕ ನಾವಿಬ್ಬರೂ ಒಟ್ಟಿಗೆ ನಡೆದೆವು. ಅವರ ಹೆಗಲ ಚೀಲದಲ್ಲಿ ಊಟದ ಡಬ್ಬಿಯ ಜೊತೆ ಎರಡು ದಪ್ಪ ಪುಸ್ತಕ ಇದ್ದವು. ನಿಮಗೆ ಓದಲಿಕ್ಕಾ ಅಂತ ಕೇಳಿದೆ.

"ಅತ್ತೆಗೆ. ಅವರಿಗೆ ಕಣ್ಣು ಕಾಣುವುದಿಲ್ಲ. ರಾತ್ರಿ ಪಾತ್ರೆ ತೊಳೆದಾದ ಮೇಲೆ ನಾನು ಓದಿ ಹೇಳುತ್ತೇನೆ. ಪಕ್ಕದ ಮನೆಯ ಇಬ್ಬರು ಬರುತ್ತಾರೆ, ಒಂದೊಂದು ದಿನ ನಾಲ್ಕು ಜನ ಆಗುತ್ತಾರೆ."

ಬಸ್ಸು ಬಂತು.